ಗ್ಲಿಸರಿನ್ ಲೆಕ್ಕ ಯಾರ ಪುಸ್ತಕದಲ್ಲಿದೆ?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಎಣ್ಣೆಬೀಜ ಮತ್ತು ಜೈವಿಕ ಇಂಧನದ ಬಗ್ಗೆ ಆಡಿದ ಮಾತು. ಶಿಬಿರಕ್ಕೆ ಬರಲಾಗದ ಓದುಗರಿಗಾಗಿ ಬರೆದುಕೊಟ್ಟದ್ದು.)



ನೀವು ಒಂದು ಚೀಲ ಹೊಂಗೆ ಬೀಜವನ್ನು ಮಂಡಿಗೆ ಹಾಕುವಾಗ ಎಷ್ಟು ಪದಾರ್ಥ ಮಾರುತ್ತೀರಿ? ಒಂದು ಅಂತೀರಿ. ಗಾಣದವನನ್ನು ಕೇಳಿ, ಎರಡು ಅಂತಾನೆ. ಎಣ್ಣೆ ಒಂದು, ಹಿಂಡಿ ಒಂದು. ಆ ಎಣ್ಣೆಯನ್ನು ಕೊಂಡು ಬಯೋಡೀಸೆಲ್ಲೋ ಸಾಬೂನೋ ಮಾಡುವವನನ್ನು ಕೇಳಿ. ಅವನು ನಿಜ ಹೇಳುವ ಮನುಷ್ಯನಾದರೆ ಮೂರು ಅಂತಾನೆ. ಆ ಮೂರನೆಯ ಪದಾರ್ಥದ ಹೆಸರು ಗ್ಲಿಸರಿನ್. ನಮ್ಮ ಹೆಣ್ಣುಮಕ್ಕಳು ಚಳಿಗಾಲದಲ್ಲಿ ಒಡೆದ ಕಾಲಿಗೆ ಹಚ್ಚಿಕೊಳ್ಳುತ್ತಾರಲ್ಲ, ಅಂಟಂಟಾಗಿ ಸಿಹಿಯಾಗಿರುವ ದ್ರವ, ಅದೇ.

ಇದನ್ನು ಇವತ್ತು ಯಾಕೆ ಎತ್ತಿದೆ ಅಂದರೆ, ಈಚೆಗೆ ಹಳ್ಳಿಗಳಿಗೆ ಬರುವ ಯೋಜನಾ ವರದಿಗಳಲ್ಲಿ ಈ ಹೆಸರು ಕಾಣುತ್ತಿದೆ. "ಬಯೋಡೀಸೆಲ್ ಘಟಕ ಹಾಕಿ, ಬ್ಯಾಂಕು ಸಾಲ ಕೊಡುತ್ತದೆ, ಗ್ಲಿಸರಿನ್ ಮಾರಿಯೇ ಬಡ್ಡಿ ತೀರಿಸಬಹುದು" ಎಂದು ಬರೆದಿರುತ್ತಾರೆ. ಜೊತೆಗೆ "ಹೊಸ ಘನ ಕ್ರಿಯಾವರ್ಧಕ ಬಂದಿದೆ, ಗ್ಲಿಸರಿನ್ನಿಂದ ಚಿನ್ನದಂಥ ರಾಸಾಯನಿಕ ತೆಗೆಯಬಹುದು" ಅಂತಲೂ ಸೇರಿಸುತ್ತಾರೆ. ಇದರಲ್ಲಿ ಸುಳ್ಳೂ ಇದೆ, ನಿಜವೂ ಇದೆ. ಎರಡನ್ನೂ ಬೇರೆ ಮಾಡದೆ ಹೆಬ್ಬೆಟ್ಟು ಒತ್ತಿದರೆ ಸಾಲ ನಮ್ಮ ತಲೆಗೆ, ಗ್ಲಿಸರಿನ್ ಮೋರಿಗೆ. ಅದಕ್ಕೆ ನಾನು ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ನಾನು ಹೈಸ್ಕೂಲು ಓದಿದವನು. ನನಗೆ ಅರ್ಥವಾದದ್ದು ನಿಮಗೂ ಆಗುತ್ತದೆ.

ಎಣ್ಣೆಯೊಳಗೆ ಏನಿದೆ?

ಒಂದು ಗೂಟಕ್ಕೆ ಮೂರು ಎತ್ತು ಕಟ್ಟಿದ್ದೀರಿ ಎಂದು ತಿಳಿಯಿರಿ. ಗೂಟವೇ ಗ್ಲಿಸರಿನ್. ಮೂರು ಎತ್ತು ಎಂದರೆ ಮೂರು ಕೊಬ್ಬಿನ ಆಮ್ಲ. ಕಡಲೆಕಾಯಿ ಎಣ್ಣೆಯಾಗಲಿ, ಹೊಂಗೆಯಾಗಲಿ, ಬೇವಾಗಲಿ, ಹಿಪ್ಪೆಯಾಗಲಿ, ತಾಳೆ ಎಣ್ಣೆಯಾಗಲಿ, ಎಲ್ಲದರ ಒಳಗೂ ಇದೇ ಕಟ್ಟು. ಎತ್ತಿನ ತಳಿ ಬೇರೆಬೇರೆ, ಗೂಟ ಒಂದೇ.

ಬಯೋಡೀಸೆಲ್ ಮಾಡುವವರು ಈ ಎಣ್ಣೆಗೆ ಮೆಥನಾಲ್ ಎಂಬ ದ್ರವ ಹಾಕಿ ಕಾಯಿಸುತ್ತಾರೆ. ಮೆಥನಾಲ್ ಬಂದು ಒಂದೊಂದೇ ಎತ್ತನ್ನು ಬಿಚ್ಚಿಕೊಂಡು ಹೋಗುತ್ತದೆ. ಬಿಚ್ಚಿಕೊಂಡು ಹೋದದ್ದು ಬಯೋಡೀಸೆಲ್, ಉಳಿದ ಖಾಲಿ ಗೂಟ ಗ್ಲಿಸರಿನ್. ತೂಕದ ಲೆಕ್ಕ ನೆನಪಿಡಿ. 100 ಕೆಜಿ ಎಣ್ಣೆಗೆ ಸುಮಾರು 11 ಕೆಜಿ ಮೆಥನಾಲ್ ಕೂಡಿದರೆ ಸುಮಾರು 100 ಕೆಜಿ ಬಯೋಡೀಸೆಲ್, ಸುಮಾರು 10 ಕೆಜಿ ಗ್ಲಿಸರಿನ್. ಕೊಬ್ಬರಿ ಎಣ್ಣೆಯಲ್ಲಿ ಗ್ಲಿಸರಿನ್ ಇನ್ನೂ ಸ್ವಲ್ಪ ಹೆಚ್ಚು. ಸಾಬೂನು ಮಾಡುವಾಗಲೂ ಇದೇ ಕಥೆ. ಅಲ್ಲಿ ಕಾಸ್ಟಿಕ್ ಸೋಡ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತದೆ, ಗೂಟ ಕೆಳಗಿನ ನೀರಿನಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾಯಿತಲ್ಲ, ಅಂಥ ಕಾರ್ಖಾನೆಗಳಿಗೆಲ್ಲ ಈ ಲೆಕ್ಕ ಗೊತ್ತು. ಬೀಜ ಬೆಳೆದವನಿಗೆ ಮಾತ್ರ ಯಾರೂ ಹೇಳಲಿಲ್ಲ.

ಒಂದು ಮಾತು ಸ್ಪಷ್ಟ ಮಾಡಬೇಕು. ನಾವು ಒಗ್ಗರಣೆಗೆ ಹಾಕುವ ಎಣ್ಣೆಯಿಂದ ಯಾರೂ ಗ್ಲಿಸರಿನ್ ತೆಗೆಯುವುದಿಲ್ಲ, ಅದು ನಮ್ಮ ಹೊಟ್ಟೆಗೇ ಹೋಗುತ್ತದೆ. ಸಾಬೂನಿಗೆ, ಕೈಗಾರಿಕೆಗೆ, ಇಂಧನಕ್ಕೆ ಹೋಗುವ ಎಣ್ಣೆಯ ಮಾತು ನಾನು ಆಡುತ್ತಿರುವುದು. ನಮ್ಮ ಕಡೆ ಅಂದರೆ ಮುಖ್ಯವಾಗಿ ಹೊಂಗೆ, ಬೇವು, ಹಿಪ್ಪೆ, ಮತ್ತೆ ಹೋಟೆಲಿನಲ್ಲಿ ಕರಿದು ಬಿಟ್ಟ ಎಣ್ಣೆ.

ಹಳೆಯ ಪದಾರ್ಥ, ಹೊಸ ಹೊರೆ

ಗ್ಲಿಸರಿನ್ ಹೊಸದಲ್ಲ. ಸ್ವೀಡನ್ ದೇಶದ ಷೀಲೆ ಎಂಬ ಔಷಧಿಗಾರ 1779ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಭಸ್ಮದೊಡನೆ ಕಾಯಿಸಿ ಇದನ್ನು ಕಂಡ. ನಾಲಿಗೆಗೆ ಸಿಹಿ. ಆಮೇಲೆ ಫ್ರಾನ್ಸಿನ ಷೆವ್ರಲ್ ಎಂಬ ವಿದ್ವಾಂಸ, ಗ್ರೀಕರ ಭಾಷೆಯಲ್ಲಿ ಸಿಹಿ ಎಂಬ ಅರ್ಥ ಬರುವ ಮಾತಿನಿಂದ ಗ್ಲಿಸರಿನ್ ಎಂದು ಹೆಸರಿಟ್ಟ. 1847ರಲ್ಲಿ ಇಟಲಿಯ ಸೊಬ್ರೇರೊ ಇದರಿಂದ ಸಿಡಿಯುವ ನೈಟ್ರೊಗ್ಲಿಸರಿನ್ ಮಾಡಿದ. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಅದನ್ನು ಪಳಗಿಸಿ ಡೈನಮೈಟಿಗೆ ಪೇಟೆಂಟ್ ತೆಗೆದ. ನಮ್ಮ ಬಾವಿ ತೋಡುವಾಗ ಬಂಡೆ ಸಿಡಿಸಿದ ಮದ್ದಿನ ಹಿಂದೆಯೂ ಎಣ್ಣೆಯ ಈ ಗೂಟವೇ ಇತ್ತು.

ಆಗೆಲ್ಲ ಗ್ಲಿಸರಿನ್ನಿಗೆ ಬೆಲೆ ಇತ್ತು. ಎಷ್ಟು ಬೆಲೆ ಅಂದರೆ, ಪೆಟ್ರೋಲಿಯಂನಿಂದ ಅದನ್ನು ಮಾಡುವ ಕಾರ್ಖಾನೆಗಳೇ ಇದ್ದವು. ಪರಿಸ್ಥಿತಿ ತಿರುಗಿದ್ದು 2000ದ ನಂತರ. ಯೂರೋಪು, ಅಮೆರಿಕಾಗಳು ಬಯೋಡೀಸೆಲ್ ಹಿಂದೆ ಬಿದ್ದವು. ಪ್ರತಿ 10 ಕೆಜಿ ಬಯೋಡೀಸೆಲ್ಲಿಗೆ 1 ಕೆಜಿ ಗ್ಲಿಸರಿನ್ ತಾನಾಗಿ ಬಂದು ಬಿದ್ದರೆ ಏನಾಗಬೇಡ? ಎಲ್ಲರೂ ಒಂದೇ ಸಾರಿ ಈರುಳ್ಳಿ ಕಿತ್ತು ತಂದರೆ ಯಶವಂತಪುರದಲ್ಲಿ ಏನಾಗುತ್ತದೋ ಅದೇ ಆಯಿತು. ಅಮೆರಿಕಾದಲ್ಲಿ ಪೌಂಡಿಗೆ 25 ಸೆಂಟಿನ ಆಸುಪಾಸಿದ್ದ ಕಚ್ಚಾ ಗ್ಲಿಸರಿನ್ 2006ರ ಹೊತ್ತಿಗೆ 5 ಸೆಂಟಿಗಿಂತ ಕೆಳಗೆ ಇಳಿಯಿತು. ಡೌ ಎಂಬ ದೊಡ್ಡ ಕಂಪನಿ ಟೆಕ್ಸಾಸಿನಲ್ಲಿದ್ದ ತನ್ನ ಗ್ಲಿಸರಿನ್ ಕಾರ್ಖಾನೆಯನ್ನು 2006ರಲ್ಲಿ ಮುಚ್ಚಿತು.

ಈಗ ತಮಾಷೆ ನೋಡಿ. ಮೊದಲು ಎಪಿಕ್ಲೋರೊಹೈಡ್ರಿನ್ ಎಂಬ ರಾಸಾಯನಿಕದಿಂದ ಗ್ಲಿಸರಿನ್ ಮಾಡುತ್ತಿದ್ದರು. ಗ್ಲಿಸರಿನ್ ಅಗ್ಗವಾದ ಕೂಡಲೇ ಸಾಲ್ವೆ ಎಂಬ ಕಂಪನಿ ಗಾಡಿ ಹಿಂದಕ್ಕೆ ಹೊಡೆಯಿತು. ಗ್ಲಿಸರಿನ್ನಿಂದಲೇ ಎಪಿಕ್ಲೋರೊಹೈಡ್ರಿನ್ ಮಾಡಲು 2007ರಲ್ಲಿ ಫ್ರಾನ್ಸಿನಲ್ಲಿ, 2012ರಲ್ಲಿ ಥಾಯ್ಲೆಂಡಿನಲ್ಲಿ ಕಾರ್ಖಾನೆ ತೆರೆಯಿತು. ಬಣ್ಣ, ಅಂಟು, ಗಾಳಿಯಂತ್ರದ ರೆಕ್ಕೆಗಳಿಗೆ ಬೇಕಾಗುವ ಎಪಾಕ್ಸಿ ರಾಳದ ಕಚ್ಚಾ ಮಾಲು ಅದು. ನಮ್ಮ ದೇಶದಲ್ಲೂ ಗುಜರಾತಿನ ದಹೇಜಿನಲ್ಲಿ 2022ರಲ್ಲಿ ವರ್ಷಕ್ಕೆ 50,000 ಟನ್ ಸಾಮರ್ಥ್ಯದ ಇಂಥ ಕಾರ್ಖಾನೆ ಶುರುವಾಯಿತು. ಅಂದರೆ ಅಗ್ಗವಾದ ಮಾಲನ್ನು ಕಂಡು ಕಾರ್ಖಾನೆದಾರ ಅಳುತ್ತಾ ಕೂರಲಿಲ್ಲ. ಅದರಿಂದ ಬೇರೆ ಏನು ಮಾಡಬಹುದು ಅಂತ ಹುಡುಕಿದ. ನಾವು ಬೆಲೆ ಬಿದ್ದಾಗ ರಸ್ತೆಗೆ ಸುರಿಯುತ್ತೇವೆ. ಅವನ ಹತ್ತಿರ ವಿದ್ಯೆ ಇತ್ತು, ಬಂಡವಾಳ ಇತ್ತು, ದಾಸ್ತಾನಿಡುವ ಟ್ಯಾಂಕಿತ್ತು. ನಮ್ಮ ಹತ್ತಿರ ಬೆಳಗಾದರೆ ಸೊಸೈಟಿ ನೋಟೀಸಿತ್ತು. ವ್ಯತ್ಯಾಸ ಇಷ್ಟೇ.

ಕ್ರಿಯಾವರ್ಧಕ ಅಂದರೆ ಏನು?

ಗ್ಲಿಸರಿನ್ನನ್ನು ಬೇರೆ ಪದಾರ್ಥ ಮಾಡುವ ದಾರಿಗಳು ಹಲವು. ಅದರಲ್ಲಿ ಒಂದು, ಘನರೂಪದ ಕ್ಷಾರವನ್ನು ಕ್ರಿಯಾವರ್ಧಕವಾಗಿ ಬಳಸುವುದು. ಈ ದೊಡ್ಡ ಮಾತಿಗೆ ಹೆದರಬೇಡಿ.

ಊರಲ್ಲಿ ಸಂಬಂಧ ಕುದುರಿಸುವ ಹಿರಿಯರು ಇರುತ್ತಾರೆ. ಗಂಡಿನ ಮನೆಗೂ ಹೋಗುತ್ತಾರೆ, ಹೆಣ್ಣಿನ ಮನೆಗೂ ಹೋಗುತ್ತಾರೆ, ಮಾತು ಕೂಡಿಸುತ್ತಾರೆ. ಮದುವೆ ಆದಮೇಲೆ ಅವರು ಆ ಮನೆಯವರೂ ಅಲ್ಲ, ಈ ಮನೆಯವರೂ ಅಲ್ಲ, ಮುಂದಿನ ಸಂಬಂಧ ನೋಡಲು ಹೊರಡುತ್ತಾರೆ. ಕ್ರಿಯಾವರ್ಧಕ ಇಂಥ ಹಿರಿಯ. ತಾನು ಖರ್ಚಾಗದೆ ಎರಡು ಪದಾರ್ಥಗಳನ್ನು ಬೇಗ ಕೂಡಿಸುತ್ತದೆ. ಮಂಡಿ ದಲ್ಲಾಳಿ ಥರ ಇಬ್ಬರ ಕೈಯಲ್ಲೂ ಕಮಿಷನ್ ಕೀಳುವುದಿಲ್ಲ.

ಕ್ಷಾರ ಅಂದರೆ ಆಮ್ಲಕ್ಕೆ ವಿರುದ್ಧವಾದದ್ದು. ಕಾಸ್ಟಿಕ್ ಸೋಡ ಒಂದು ಕ್ಷಾರ, ಎಲೆಗೆ ಹಚ್ಚುವ ಸುಣ್ಣ ಒಂದು ಕ್ಷಾರ. ಇವತ್ತು ಹೆಚ್ಚಿನ ಬಯೋಡೀಸೆಲ್ ಘಟಕಗಳಲ್ಲಿ ಬಳಸುವುದು ಕರಗುವ ಕ್ಷಾರ, ಅಂದರೆ ಕಾಸ್ಟಿಕ್ ಸೋಡ ಅಥವಾ ಅದರ ಜಾತಿಯವು. ಅಗ್ಗ, ಚುರುಕು, ಎಲ್ಲಾ ಸರಿ. ಆದರೆ ಪಾಯಸಕ್ಕೆ ಬಿದ್ದ ಉಪ್ಪಿನ ಹಾಗೆ, ಕರಗಿದ ಮೇಲೆ ವಾಪಸು ತೆಗೆಯಲಾಗುವುದಿಲ್ಲ. ಕೆಲಸ ಮುಗಿದ ಮೇಲೆ ಆಮ್ಲ ಹಾಕಿ ಅದನ್ನು ಕೊಲ್ಲಬೇಕು. ಕೊಂದದ್ದು ಉಪ್ಪಾಗಿ ಗ್ಲಿಸರಿನ್ ಒಳಗೇ ಕೂರುತ್ತದೆ. ಬಯೋಡೀಸೆಲ್ಲನ್ನು ನೀರಿನಿಂದ ತೊಳೆಯಬೇಕು, ಆ ತೊಳೆದ ನೀರನ್ನು ಎಲ್ಲಾದರೂ ಬಿಡಬೇಕು. ಎಲ್ಲಿ ಬಿಡುತ್ತಾರೆ? ನಮ್ಮ ಹಳ್ಳಕ್ಕೆ.

ಘನ ಕ್ಷಾರ ಹಾಗಲ್ಲ. ಅದು ಪುಡಿಯಾಗಿಯೋ ಗುಳಿಗೆಯಾಗಿಯೋ ದ್ರವದೊಳಗೆ ಕಲ್ಲಿನಂತೆ ಇರುತ್ತದೆ. ಅದರ ಮೈಮೇಲೆ ಕ್ರಿಯೆ ನಡೆಯುತ್ತದೆ. ಮುಗಿದ ಮೇಲೆ ಸೋಸಿಕೊಂಡು ಮತ್ತೆ ಬಳಸಬಹುದು. ಸುಟ್ಟ ಸುಣ್ಣ ಎಂದರೆ ಕ್ಯಾಲ್ಸಿಯಂ ಆಕ್ಸೈಡ್, ಮೆಗ್ನೀಸಿಯಂ ಆಕ್ಸೈಡ್, ಸ್ಟ್ರಾನ್ಷಿಯಂ ಆಕ್ಸೈಡ್, ಮೆಗ್ನೀಸಿಯಂ ಮತ್ತು ಅಲ್ಯುಮಿನಿಯಂ ಪದರಪದರವಾಗಿ ಕೂಡಿದ ಹೈಡ್ರೊಟಾಲ್ಸೈಟ್, ಇವೆಲ್ಲ ಈ ಗುಂಪಿನವು. ಗ್ಲಿಸರಿನ್ ಗೂಟಕ್ಕೆ ಮೂರು ಕೊಕ್ಕೆ ಇವೆ ಅಂದೆನಲ್ಲ, ಪ್ರತಿ ಕೊಕ್ಕೆಯ ತುದಿಯಲ್ಲೂ ಒಂದು ಜಲಜನಕ ಕೂತಿದೆ. ಸುಣ್ಣದ ಮೈಮೇಲಿರುವ ಆಮ್ಲಜನಕ ಆ ಜಲಜನಕವನ್ನು ತನ್ನ ಕಡೆ ಎಳೆಯುತ್ತದೆ. ಕೊಕ್ಕೆ ಬರಿದಾಗಿ ಹಸಿದು ನಿಲ್ಲುತ್ತದೆ. ಎದುರಿಗೆ ಬಂದದ್ದನ್ನು ಹಿಡಿದುಕೊಳ್ಳುತ್ತದೆ. ಎದುರಿಗೆ ಏನು ತಂದು ನಿಲ್ಲಿಸುತ್ತೇವೋ ಅದರ ಮೇಲೆ ಯಾವ ರಾಸಾಯನಿಕ ಎಂಬುದು ನಿಂತಿದೆ.

ಏನೇನು ಮಾಡಬಹುದು?

ಮೊದಲನೆಯದು ಗ್ಲಿಸರಾಲ್ ಕಾರ್ಬೊನೇಟ್. ಗ್ಲಿಸರಿನ್ ಎದುರಿಗೆ ಡೈಮಿಥೈಲ್ ಕಾರ್ಬೊನೇಟ್ ಎಂಬ ದ್ರವ ನಿಲ್ಲಿಸಿ, ಸುಟ್ಟ ಸುಣ್ಣ ಹಾಕಿ, ನೀರು ಕುದಿಯುವುದಕ್ಕಿಂತ ಕಡಿಮೆ ಶಾಖದಲ್ಲೇ ಕಾಯಿಸಿದರೆ ಕೂಡಿಕೊಳ್ಳುತ್ತದೆ. ಲೆಕ್ಕದ ಪ್ರಕಾರ 92 ಕೆಜಿ ಗ್ಲಿಸರಿನ್, 90 ಕೆಜಿ ಡೈಮಿಥೈಲ್ ಕಾರ್ಬೊನೇಟ್ ಸೇರಿದರೆ 118 ಕೆಜಿ ಗ್ಲಿಸರಾಲ್ ಕಾರ್ಬೊನೇಟ್, 64 ಕೆಜಿ ಮೆಥನಾಲ್. ಕೂಡಿ ನೋಡಿ, ಎರಡು ಕಡೆಯೂ 182. ಬರುವ ಮೆಥನಾಲನ್ನು ಬೇರೆ ಮಾಡಿ ಮತ್ತೆ ಬಯೋಡೀಸೆಲ್ಲಿಗೇ ಬಳಸಬಹುದು. ಸ್ಪೇನಿನ ಓಚೋವಾ-ಗೋಮೆಜ್ ಮತ್ತು ಸಂಗಡಿಗರು 2009ರಲ್ಲಿ ಹಲವು ಕ್ರಿಯಾವರ್ಧಕಗಳನ್ನು ಪರೀಕ್ಷಿಸಿ ನೋಡಿದಾಗ ಘನ ಕ್ಷಾರಗಳಲ್ಲಿ ಚೆನ್ನಾಗಿ ದುಡಿದದ್ದು ಇದೇ ಸುಟ್ಟ ಸುಣ್ಣ. ಈ ಕಾರ್ಬೊನೇಟು ಬಣ್ಣ, ಅಂಟು, ಸೌಂದರ್ಯ ಸಾಮಗ್ರಿಗಳಿಗೆ ದ್ರಾವಕವಾಗಿ ಬರುತ್ತದೆ, ಬೇರೆ ರಾಸಾಯನಿಕಗಳಿಗೆ ಮೆಟ್ಟಿಲೂ ಆಗುತ್ತದೆ.

ಇದೇ ಪದಾರ್ಥವನ್ನು ಯೂರಿಯಾದಿಂದಲೂ ಮಾಡಬಹುದು. 92 ಕೆಜಿ ಗ್ಲಿಸರಿನ್‌ಗೆ 60 ಕೆಜಿ ಯೂರಿಯಾ ಕೂಡಿದರೆ 118 ಕೆಜಿ ಕಾರ್ಬೊನೇಟ್, 34 ಕೆಜಿ ಅಮೋನಿಯಾ ಅನಿಲ. ಅಲ್ಲಿ ಸತುವಿನ ಸಂಯುಕ್ತಗಳು ಕ್ರಿಯಾವರ್ಧಕ. ನಾವು ಗದ್ದೆಗೆ ಹಾಕುವ ಜಿಂಕ್ ಸಲ್ಫೇಟನ್ನೂ ಬಳಸಿ ನೋಡಿದ್ದಾರೆ. ಇಲ್ಲಿ ನಾನೊಂದು ಮಾತು ಎಚ್ಚರಿಸಬೇಕು. ರೈತರ ಹೆಸರಿನ ಸಬ್ಸಿಡಿ ಯೂರಿಯಾ ಕೈಗಾರಿಕೆಗೆ ಹೋಗುವುದು ಕಾನೂನಿಗೆ ವಿರುದ್ಧ. ಬೇವು ಲೇಪಿಸಿದ್ದೇ ಆ ಕಳ್ಳದಾರಿ ಕಟ್ಟಲು. ಇನ್ನೊಂದು ಹೊಸ ಕಳ್ಳದಾರಿ ನಮ್ಮ ಹೆಸರಲ್ಲಿ ಶುರುವಾಗಬಾರದು.

ಎರಡನೆಯದು ಡೈಗ್ಲಿಸರಾಲ್ ಮತ್ತು ಪಾಲಿಗ್ಲಿಸರಾಲ್. ಗೂಟಕ್ಕೆ ಗೂಟವನ್ನೇ ಜೋಡಿಸುವುದು. 220 ಡಿಗ್ರಿಯ ಆಸುಪಾಸಿನಲ್ಲೋ ಇನ್ನೂ ಮೇಲೋ ಕಾಯಿಸಿದರೆ ಎರಡು ಗ್ಲಿಸರಿನ್ ಕೂಡಿ ಒಂದು ಡೈಗ್ಲಿಸರಾಲ್ ಆಗಿ, ನೀರು ಬಿಟ್ಟುಕೊಡುತ್ತದೆ. ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2008ರಲ್ಲಿ ಇದಕ್ಕೂ ಸುಣ್ಣದ ಜಾತಿಯ ಆಕ್ಸೈಡುಗಳನ್ನು ಬಳಸಿ ತೋರಿಸಿದರು. ಎಣ್ಣೆ ನೀರು ಬೇರೆಯಾಗದ ಹಾಗೆ ಹಿಡಿದಿಡುವ ಪದಾರ್ಥ ಇದರಿಂದ ಆಗುತ್ತದೆ. ಕೇಕು, ಐಸ್‌ಕ್ರೀಮು, ಮುಖಕ್ಕೆ ಹಚ್ಚುವ ಕ್ರೀಮು, ಎಲ್ಲಕ್ಕೂ ಬೇಕು.

ಮೂರನೆಯದು ಲ್ಯಾಕ್ಟಿಕ್ ಆಮ್ಲ, ಮೊಸರಿನ ಹುಳಿ. ಇನ್ನೂ ಹೆಚ್ಚಿನ ಶಾಖ, ಒತ್ತಡದಲ್ಲಿ ಕ್ಷಾರದ ಜೊತೆ ಗ್ಲಿಸರಿನ್ ಲ್ಯಾಕ್ಟಿಕ್ ಆಮ್ಲದ ಲವಣವಾಗಿ ತಿರುಗುತ್ತದೆ, ಜಲಜನಕ ಅನಿಲವೂ ಬರುತ್ತದೆ. ಮಣ್ಣಲ್ಲಿ ಕೊಳೆಯಬಲ್ಲ ಪ್ಲಾಸ್ಟಿಕ್ಕಿಗೆ ಈ ಆಮ್ಲ ಬೇಕು. ಆದರೆ ಲವಣದಿಂದ ಆಮ್ಲ ಬಿಡಿಸಲು ಮತ್ತೊಂದು ಆಮ್ಲ ಸುರಿಯಬೇಕು, ಅದರ ಖರ್ಚು ಬೇರೆ.

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಎರಡರಲ್ಲೂ ಗ್ಲಿಸರಿನ್ ಪರಿವರ್ತನೆಯ ಕೆಲಸ ನಡೆದಿದೆ. ಅವು ನಮ್ಮ ತೆರಿಗೆ ಹಣದ ಸಂಸ್ಥೆಗಳು. ಕೇಳುವ ಹಕ್ಕು ನಮಗಿದೆ.

ಸುಣ್ಣ ಸಾಯುತ್ತದೆ

ಈಗ ಆ ಯೋಜನಾ ವರದಿಗಳಲ್ಲಿ ಬರೆಯದ ಮಾತು. ಸುಣ್ಣದ ಗೂಡು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ, ನಮ್ಮ ಕಡೆ ಸುಣ್ಣದ ಕಲ್ಲು. ಸುಮಾರು 900 ಡಿಗ್ರಿ ಶಾಖ ಬೇಕು. 100 ಕೆಜಿ ಶುದ್ಧ ಕಲ್ಲು ಸುಟ್ಟರೆ 44 ಕೆಜಿ ಇಂಗಾಲದ ಅನಿಲ ಹಾರಿಹೋಗಿ 56 ಕೆಜಿ ಸುಟ್ಟ ಸುಣ್ಣ ಉಳಿಯುತ್ತದೆ. ಗೂಡಿನಿಂದ ಈಗ ತೆಗೆದ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಅದನ್ನೇ ನಾಲ್ಕಾರು ವಾರ ತೆರೆದಿಟ್ಟು ನೀರು ಹಾಕಿ ನೋಡಿ, ತಣ್ಣಗೆ ಬಿದ್ದಿರುತ್ತದೆ. ಗಾಳಿಯ ತೇವ ಕುಡಿದು ಅರಳಿಹೋಗಿರುತ್ತದೆ, ಗಾಳಿಯ ಇಂಗಾಲದ ಅನಿಲ ಹೀರಿ ಮತ್ತೆ ಕಲ್ಲಿನ ಕಡೆಗೆ ತಿರುಗಿರುತ್ತದೆ. ಸುಣ್ಣ ಸತ್ತಿತು ಅಂತೀವಲ್ಲ, ಅದೇ.

ಕಾರ್ಖಾನೆಯಲ್ಲೂ ಆಗುವುದು ಇದೇ. ಮೊದಲ ಸಾರಿ ಚೆನ್ನಾಗಿ ದುಡಿದ ಸುಣ್ಣ ಎರಡನೇ ಸಾರಿ, ಮೂರನೇ ಸಾರಿ ಸೋಲುತ್ತದೆ. ಮೇಲೆ ಹೇಳಿದ 2009ರ ಕೆಲಸದಲ್ಲೂ ಮರುಬಳಕೆಯಲ್ಲಿ ಶಕ್ತಿ ಬೇಗ ಕುಗ್ಗಿತು. ಮತ್ತೆ ಸುಟ್ಟು ಬಳಸಿದರೆ ಸರಿಹೋಗಬಹುದು. ಇನ್ನೊಂದು ತೊಡಕು, ಸುಣ್ಣ ಪೂರ್ತಿ ಕಲ್ಲಿನ ಹಾಗೆ ಇರುವುದಿಲ್ಲ, ಗ್ಲಿಸರಿನ್ ಜೊತೆ ತಾನೇ ಸ್ವಲ್ಪ ಕೂಡಿಕೊಳ್ಳುತ್ತದೆ. ಜಪಾನಿನ ಕೊಜು ಮತ್ತು ಸಂಗಡಿಗರು 2008ರಲ್ಲಿ, ಬಯೋಡೀಸೆಲ್ ಮಾಡುವಾಗ ಸುಣ್ಣ ಮತ್ತು ಗ್ಲಿಸರಿನ್ ಕೂಡಿ ಹೊಸ ಸಂಯುಕ್ತ ಆಗುವುದನ್ನು ತೋರಿಸಿದರು. ಸಂಬಂಧ ಕುದುರಿಸಲು ಬಂದ ಹಿರಿಯ ತಾನೇ ಹಸೆಮಣೆ ಮೇಲೆ ಕೂತ ಹಾಗೆ.

ಮೂರನೇ ತೊಡಕು ನಮ್ಮದೇ ಎಣ್ಣೆಯದು. ಹೊಂಗೆ ಬೀಜವನ್ನು ಮಳೆಗೆ ನೆನೆಸಿ, ಮೂಲೆಯಲ್ಲಿ ರಾಶಿ ಹಾಕಿ ಮುಗ್ಗಲು ಹಿಡಿಸಿದರೆ ಎಣ್ಣೆಯಲ್ಲಿ ಹುಳಿ ಏರುತ್ತದೆ. ಆ ಬಿಡಿ ಆಮ್ಲ ಕ್ಷಾರದ ಜೊತೆ ಸೇರಿದರೆ ಸಾಬೂನು ಕಟ್ಟುತ್ತದೆ, ಕ್ರಿಯಾವರ್ಧಕ ಹಾಳು. ಆದ್ದರಿಂದ ಬೀಜ ಒಣಗಿಸುವುದು, ಹೊಸದಾಗಿ ಗಾಣಕ್ಕೆ ಹಾಕುವುದು ಇದು ವಿಜ್ಞಾನಿಯ ಕೆಲಸವಲ್ಲ, ನಮ್ಮ ಕೆಲಸ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಪ್ರಯೋಗಾಲಯದ ಕೆಲಸ ಹೆಚ್ಚಾಗಿ ನಡೆದಿರುವುದು ಶುದ್ಧ ಗ್ಲಿಸರಿನ್ ಮೇಲೆ. ಘಟಕದಿಂದ ಬರುವುದು ಕಚ್ಚಾ ಗ್ಲಿಸರಿನ್, ಕಂದು ಬಣ್ಣದ್ದು. ಅದರಲ್ಲಿ ನೀರು, ಮೆಥನಾಲ್, ಸಾಬೂನು, ಉಪ್ಪು ಎಲ್ಲಾ ಇರುತ್ತದೆ. ನೀರು ಬಿದ್ದರೆ ಸುಣ್ಣಕ್ಕೆ ಸಾವು. ಶುದ್ಧ ಮಾಡಬೇಕಾದರೆ ನಿರ್ವಾತದಲ್ಲಿ ಭಟ್ಟಿ ಇಳಿಸಬೇಕು, ಹಳ್ಳಿ ಘಟಕಕ್ಕೆ ಆ ಯಂತ್ರದ ಬೆಲೆ ನಿಲುಕುವುದಿಲ್ಲ.

ಹಾಗಾದರೆ ಘನ ಕ್ರಿಯಾವರ್ಧಕ ಬರೀ ಕಾಗದದ ಮೇಲಿನದೇ? ಅಲ್ಲ. ಫ್ರಾನ್ಸಿನ ಸೆತ್ ಎಂಬ ಊರಿನಲ್ಲಿ 2006ರಿಂದ ಸತು ಮತ್ತು ಅಲ್ಯುಮಿನಿಯಂ ಆಕ್ಸೈಡಿನ ಘನ ಕ್ರಿಯಾವರ್ಧಕ ಬಳಸಿ ದೊಡ್ಡ ಪ್ರಮಾಣದಲ್ಲಿ ಬಯೋಡೀಸೆಲ್ ಮಾಡಿ ತೋರಿಸಿದರು. ಆ ವಿಧಾನದಲ್ಲಿ ಉಪ್ಪಿಲ್ಲದ, ಶೇ. 98ಕ್ಕಿಂತ ಹೆಚ್ಚು ಶುದ್ಧ ಗ್ಲಿಸರಿನ್ ನೇರವಾಗಿ ಬರುತ್ತದೆ. ಆದರೆ ಅದಕ್ಕೆ ಕ್ಷಾರಕ್ಕಿಂತ ಬಹಳ ಹೆಚ್ಚಿನ ಶಾಖ, ಒತ್ತಡ ಬೇಕು. ಅಂದರೆ ವಿದ್ಯೆ ನಿಜ. ಆದರೆ ಅದು ಲಕ್ಷ ಟನ್ನಿನ ವಿದ್ಯೆ, ಕೊಟ್ಟಿಗೆಯಲ್ಲಿ ಡ್ರಮ್ಮು ಇಟ್ಟು ಮಾಡುವ ವಿದ್ಯೆ ಅಲ್ಲ.

ನಮ್ಮ ಲೆಕ್ಕ

ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಹಳ್ಳಿ ಗಾಣದಲ್ಲಿ 1 ಟನ್ ಹೊಂಗೆ ಬೀಜಕ್ಕೆ ಸುಮಾರು 250 ಕೆಜಿ ಎಣ್ಣೆ ಹಿಡಿಯೋಣ. ಉಳಿದದ್ದು ಹಿಂಡಿ. 250 ಕೆಜಿ ಎಣ್ಣೆಯಲ್ಲಿ 25 ಕೆಜಿ ಗ್ಲಿಸರಿನ್. ಒಂದು ಹಳ್ಳಿಯ ಘಟಕ ವರ್ಷಕ್ಕೆ 100 ಟನ್ ಬೀಜ ಅರೆದರೆ ಎರಡೂವರೆ ಟನ್ ಗ್ಲಿಸರಿನ್. ದಹೇಜಿನಂಥ ಒಂದು ಕಾರ್ಖಾನೆ ಪೂರ್ತಿ ಓಡಿದರೆ ವರ್ಷಕ್ಕೆ ಕಡಿಮೆ ಎಂದರೂ 50,000 ಟನ್ ಬೇಕು. ಅಂದರೆ ಅಂಥ 20,000 ಹಳ್ಳಿ ಘಟಕಗಳ ಗ್ಲಿಸರಿನ್! ಒಬ್ಬ ರೈತ, ಒಂದು ಸಂಘ ಆ ಬಾಗಿಲಿಗೆ ಎರಡು ಡ್ರಮ್ಮು ಹೊತ್ತು ಹೋಗಿ ಬೆಲೆ ಕೇಳಿದರೆ ಏನು ಉತ್ತರ ಸಿಗುತ್ತದೆ, ನೀವೇ ಹೇಳಿ.

ಬೆಲೆ ನಿಗದಿಯಾಗುವುದೂ ಇಲ್ಲಿ ಅಲ್ಲ. ಇಂಡೋನೇಷ್ಯಾ ತನ್ನ ಡೀಸೆಲ್ಲಿಗೆ ತಾಳೆ ಎಣ್ಣೆಯ ಬಯೋಡೀಸೆಲ್ಲನ್ನು 2020ರಲ್ಲಿ ಶೇ. 30, 2023ರಲ್ಲಿ ಶೇ. 35, 2025ರಲ್ಲಿ ಶೇ. 40 ಬೆರೆಸಲು ಹೊರಟಿತು. ಅಲ್ಲಿ ಬೆರೆಸಿದಷ್ಟೂ ಗ್ಲಿಸರಿನ್ ರಾಶಿ ಬೀಳುತ್ತದೆ. ನಮ್ಮ ದೇಶವೋ 1994ರಲ್ಲಿ ತಾಳೆ ಎಣ್ಣೆ ಆಮದಿಗೆ ಬಾಗಿಲು ತೆರೆದ ಮೇಲೆ ಎಣ್ಣೆಬೀಜದ ರೈತನನ್ನು ಕೇಳಿದವರಿಲ್ಲ. 2023-24ರಲ್ಲಿ ಸುಮಾರು 160 ಲಕ್ಷ ಟನ್ ಖಾದ್ಯ ತೈಲ ಹೊರಗಿನಿಂದ ಬಂತು. ಒಂದು ಕಾಲಕ್ಕೆ ಎಣ್ಣೆ ನಗರ ಅನ್ನಿಸಿಕೊಂಡ ಚಳ್ಳಕೆರೆಯಲ್ಲಿ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು.

ಜೈವಿಕ ಇಂಧನದ ನೀತಿಯಾದರೂ ಗಟ್ಟಿಯಾಗಿತ್ತೇ? 2009ರ ರಾಷ್ಟ್ರೀಯ ನೀತಿ 2017ಕ್ಕೆ ಶೇ. 20 ಬೆರೆಸುತ್ತೇವೆ ಅಂದಿತು. 2018ರ ನೀತಿ 2030ಕ್ಕೆ ಶೇ. 5 ಬಯೋಡೀಸೆಲ್ ಅಂತ ಇಳಿಸಿತು. ಮೊದಲಿನ ಮಾತು ನಂಬಿ ಬೇಲಿ ತುಂಬ ಜತ್ರೋಪ ನೆಟ್ಟವನ ಗತಿ ಏನಾಯಿತೆಂದು ನಿಮ್ಮ ಹೋಬಳಿಯಲ್ಲೇ ಕೇಳಿ. ಇದರ ನಡುವೆ ಒಳ್ಳೆಯ ಕೆಲಸ ನಡೆಯಲಿಲ್ಲ ಅಂತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸಿ ಹಳ್ಳಿಗೆ ನೀರು ಎತ್ತಿಸಿದರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಜೈವಿಕ ಇಂಧನ ಉದ್ಯಾನ ಕಟ್ಟಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಒಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ದಾರಿ ಇದೆ. ದಾರಿಯ ಸುಂಕ ಯಾರು ಎತ್ತುತ್ತಾರೆ ಎಂಬುದೇ ಪ್ರಶ್ನೆ.

ಕಬ್ಬಿನವರಿಗೆ ಈ ಪ್ರಶ್ನೆ ಹಳೆಯದು. ಸಕ್ಕರೆ ಬೆಲೆ ತೋರಿಸಿ ಕಬ್ಬಿಗೆ ದರ ಕಟ್ಟುತ್ತಾರೆ, ಕಾಕಂಬಿ, ಸಿಪ್ಪೆ, ಮಡ್ಡಿ ಕಾರ್ಖಾನೆಯ ಜೇಬಿಗೆ. 1974ರಲ್ಲಿ ಭಾರ್ಗವ ಆಯೋಗದ ಮಾತಿನಂತೆ ಲಾಭದಲ್ಲಿ ರೈತನಿಗೂ ಪಾಲು ಕೊಡುವ ಕಲಮು ಕಬ್ಬು ನಿಯಂತ್ರಣ ಆದೇಶಕ್ಕೆ ಸೇರಿತು. 2009ರಲ್ಲಿ ಅದನ್ನು ಕಿತ್ತುಹಾಕಿದರು. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಮೊದಲ ಹಂತದ ಉಪಉತ್ಪನ್ನಗಳ ವರಮಾನದಲ್ಲಿ ಶೇ. 70 ಕಬ್ಬಿನ ಬೆಲೆಗೆ ಹೋಗಬೇಕು ಎಂದು ಹೇಳಿತು. ಕಬ್ಬಿನಲ್ಲಿ ಇಷ್ಟಾದರೂ ಚರ್ಚೆ ಆಯಿತು. ಎಣ್ಣೆಬೀಜದಲ್ಲಿ ಉಪಉತ್ಪನ್ನ ಎಂಬ ಮಾತನ್ನೇ ಯಾರೂ ಎತ್ತಿಲ್ಲ. ಗ್ಲಿಸರಿನ್ ಬೆಲೆ ಬಿದ್ದಾಗ "ಮಾರುಕಟ್ಟೆ ಚೆನ್ನಾಗಿಲ್ಲ" ಎಂದು ಬೀಜಕ್ಕೆ ಕಡಿತ ಮಾಡುವುದು ಸುಲಭ. 2020ರಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರಿಗೂ ಗ್ಲಿಸರಿನ್ ಬೇಕಾಯಿತಲ್ಲ, ಆಗ ನಿಮ್ಮ ಹೊಂಗೆ ಬೀಜಕ್ಕೆ ಎಷ್ಟು ಕೂಡಿಸಿದರು?

ಸಾಲಕ್ಕೆ ಮೊದಲು ಕೇಳಬೇಕಾದದ್ದು

ಘಟಕ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಲೆಕ್ಕ ಕೇಳಿ ಹಾಕಿ ಅಂತ ಹೇಳುತ್ತೇನೆ. ಯೋಜನೆ ಹಿಡಿದು ಬಂದವನ ಮುಂದೆ ಈ ಪ್ರಶ್ನೆ ಇಡಿ.

ಒಂದು, ವರದಿಯಲ್ಲಿ ಗ್ಲಿಸರಿನ್‌ಗೆ ಹಿಡಿದಿರುವ ಬೆಲೆ ಔಷಧಿ ದರ್ಜೆಯದೋ, ಕಚ್ಚಾ ದರ್ಜೆಯದೋ? ಎರಡಕ್ಕೂ ಆಕಾಶ ಭೂಮಿಯ ಅಂತರ. ಕಚ್ಚಾ ಬೆಲೆ ಹಾಕಿದರೆ ಕಂತು ತೀರುತ್ತದೋ? ಇನ್ನೂ ಮುಂದೆ ಹೋಗಿ, ಗ್ಲಿಸರಿನ್‌ಗೆ ಸೊನ್ನೆ ಹಾಕಿ ನೋಡಿ. ಆಗಲೂ ಘಟಕ ನಡೆಯುವುದಾದರೆ ಮಾತ್ರ ಸಾಲಕ್ಕೆ ಸಹಿ ಹಾಕಿ.

ಎರಡು, ಕೊಳ್ಳುವವರು ಯಾರು? ಬರವಣಿಗೆಯಲ್ಲಿ ಒಪ್ಪಂದ ಇದೆಯೋ? ಸಾಗಣೆ ಯಾರದು?

ಮೂರು, ಘನ ಕ್ರಿಯಾವರ್ಧಕ ಎಂದರೆ, ಎಷ್ಟು ಸಾರಿ ಬಳಸಬಹುದು? ನಮ್ಮ ಎಣ್ಣೆಯ ಮೇಲೆ, ನಮ್ಮ ಕಚ್ಚಾ ಗ್ಲಿಸರಿನ್ ಮೇಲೆ ಪರೀಕ್ಷೆ ಮಾಡಿದ್ದೀರೋ? ಸತ್ತ ಸುಣ್ಣವನ್ನು ಮತ್ತೆ ಸುಡುವ ಖರ್ಚು ಲೆಕ್ಕದಲ್ಲಿದೆಯೋ?

ನಾಲ್ಕು, ತೊಳೆದ ನೀರು, ಮೆಥನಾಲ್ ಏನಾಗುತ್ತದೆ? ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಸಿಹಿ ಇದೆ ಎಂದು ಕಚ್ಚಾ ಗ್ಲಿಸರಿನ್ ಅನ್ನು ದನದ ಬೂಸಕ್ಕೆ ಬೆರೆಸಬೇಡಿ. ಔಷಧಿಗೆ ಎಂದು ಯಾರಾದರೂ ಡಬ್ಬ ಬದಲಾಯಿಸಿ ಕೊಳ್ಳಲು ಬಂದರೆ ಮಾರಬೇಡಿ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್ ಕುಡಿಸಿ 14 ಜನ ರೋಗಿಗಳು ಸತ್ತರು. ಶುದ್ಧತೆ ಎನ್ನುವುದು ಇಲ್ಲಿ ಬರೀ ಬೆಲೆಯ ಮಾತಲ್ಲ.

ನಮ್ಮ ಕೈಲಿ ಆಗುವ ದಾರಿ ನನಗೆ ಕಾಣುವುದು ಹಾಲಿನ ದಾರಿ. ಒಬ್ಬೊಬ್ಬರು ಎರಡು ಲೀಟರು ಹಾಲು ಹಾಕುತ್ತೇವೆ. ಹಳ್ಳಿ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳಿ. ಪುಡಿ ಮಾಡುವ ದೊಡ್ಡ ಯಂತ್ರ ಮೇಲೆ, ಹಾಲು ಕರೆಯುವುದು ಕೆಳಗೆ. ಹಳ್ಳಿಯಲ್ಲಿ ಬೀಜ ಒಣಗಿಸಿ ಗಾಣ ಹಾಕೋಣ, ಹಿಂಡಿ ನಮ್ಮ ಹೊಲಕ್ಕೇ ಉಳಿಯಲಿ. ಎಣ್ಣೆಯೋ ಗ್ಲಿಸರಿನ್ನೋ ಜಿಲ್ಲೆಯ ಮಟ್ಟದಲ್ಲಿ ಒಂದು ಕಡೆ ಸೇರಲಿ. ಹಾಲಿಗೆ ಫ್ಯಾಟ್ ನೋಡಿ ದುಡ್ಡು ಕೊಡುವಂತೆ ಬೀಜಕ್ಕೆ ಎಣ್ಣೆ ಅಂಶ ನೋಡಿ, ಗ್ಲಿಸರಿನ್‌ಗೆ ಶುದ್ಧತೆ ನೋಡಿ ಬೆಲೆ ಕಟ್ಟಲಿ. ಪರೀಕ್ಷೆಯ ಚೀಟಿ ರೈತನ ಕೈಗೆ ಬರಲಿ. ದೊಡ್ಡ ಪ್ರಮಾಣ ಸೇರಿದಾಗ ಕಾರ್ಖಾನೆ ನಮ್ಮ ಬಾಗಿಲಿಗೆ ಬರುತ್ತದೆ, ಸುಣ್ಣದ ವಿದ್ಯೆ ಬಲ್ಲ ವಿಜ್ಞಾನಿಯೂ ಬರುತ್ತಾನೆ. ಆಗ ವಿದ್ಯೆ ಕೊಳ್ಳುವ ಶಕ್ತಿಯೂ ನಮಗಿರುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಮುಂದಿನ ಸಾರಿ ನಿಮ್ಮ ಬೀಜ ಕೊಳ್ಳುವವನ ಬಳಿ ಎಣ್ಣೆಗೆಷ್ಟು, ಹಿಂಡಿಗೆಷ್ಟು ಎಂದು ಕೇಳಿದ ಮೇಲೆ, ಈ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ಸಾಬೂನಿಗೋ ಇಂಧನಕ್ಕೋ ಅಂದರೆ, ಗ್ಲಿಸರಿನ್‌ಗೆಷ್ಟು ಎಂದು ಕೇಳಿ. ಅವನು ನಗಬಹುದು. ಹತ್ತು ಜನ ಕೇಳಿದ ಮೇಲೆ ನಗುವುದಿಲ್ಲ, ಲೆಕ್ಕದ ಪುಸ್ತಕ ತೆಗೆಯುತ್ತಾನೆ. ಉತ್ತರ ಏನು ಬಂತು ಎಂದು ಈ ಪತ್ರಿಕೆಗೆ ಬರೆದು ತಿಳಿಸಿ. ಹತ್ತು ಹೋಬಳಿಯ ಉತ್ತರ ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ಬೀಜದ ಮೂರನೆಯ ಪದಾರ್ಥಕ್ಕೆ ಬೆಲೆ ಕೇಳುವುದು ಎಲ್ಲಿಂದ ಶುರುಮಾಡಬೇಕು ಎಂಬುದು ಗೊತ್ತಾಗುತ್ತದೆ.